ಹಂಚಿನ ಸೀಮೆಯ ಎಂಜಿನಿಯರು

ಆಷಾಢದ ಮಳೆಯಲ್ಲಿ ಕುಂದಾಪುರದ ಶಾಸ್ತ್ರಿ ವೃತ್ತದ ಬಳಿ ರಾತ್ರಿಯ ಬಸ್ಸಿಗೆ ಕಾದು ನಿಂತಿರುವ ತರುಣರನ್ನು ವಾಚಕರು ಕಂಡಿರಬಹುದು. ಅವರಲ್ಲಿ ಹಲವರು ಯಂತ್ರವಿದ್ಯೆಯ ಪದವೀಧರರು. ಅವರ ದಾರಿ ಬೆಂಗಳೂರಿಗೆ. ಹಿಂದೆ ಇದೇ ಸೀಮೆಯ ಹುಡುಗರು ಹೊಟೇಲು ಕೆಲಸಕ್ಕೆಂದು ಮುಂಬಯಿಗೆ ಹೋಗಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದರು. ಇಂದಿನವರು ಓದು ಮುಗಿಸಿಕೊಂಡೇ ಹೊರಡುತ್ತಾರೆ. ಊರು ಬಿಡುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ಕಾರ್ಖಾನೆಯ ಎಂಜಿನಿಯರನಿಗೆ ಈ ಊರಿನಲ್ಲಿ ಎಂದೂ ಕೆಲಸವೇ ಇರಲಿಲ್ಲವೆಂಬ ಮಾತನ್ನು ಮಾತ್ರ ನಾವು ಒಪ್ಪೆವು.

ಸೇತುವೆ ಕಟ್ಟುವ ಎಂಜಿನಿಯರನನ್ನು ಜನರು ಬಲ್ಲರು, ಕಾರ್ಖಾನೆಯೊಳಗಿನವನನ್ನು ಅರಿಯರು. ನಕ್ಷೆಯಲ್ಲಿರುವ ವಸ್ತುವನ್ನು ಹತ್ತು ಸಾವಿರ ಸಲ ಒಂದೇ ಅಳತೆಯಲ್ಲಿ, ಮಾರುಕಟ್ಟೆಗೆ ಸಲ್ಲುವ ಬೆಲೆಯಲ್ಲಿ ಮಾಡಿಸುವುದೇ ಇವನ ವೃತ್ತಿ. ಯಾವ ಯಂತ್ರ, ಯಾವ ಅಚ್ಚು, ಯಾವುದರ ಬಳಿಕ ಯಾವುದು, ನೂರರಲ್ಲಿ ಎಷ್ಟು ಹಾಳಾದವು, ಏಕೆ ಹಾಳಾದವು—ಇವೇ ಅವನ ದಿನಚರಿ.

ನಮ್ಮ ಹಂಚನ್ನೇ ನೋಡಿರಿ. 1865ರಲ್ಲಿ ಬಾಸೆಲ್ ಮಿಶನ್ನಿನ ಗೇಯಾರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಹನೀಯನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ ಮಣ್ಣು ಅರೆಯಲು ಇದ್ದುದು ಒಂದು ಜೊತೆ ಎತ್ತು. 1886ರಲ್ಲಿ ಮಲ್ಪೆಗೆ ಬಂದ ಈ ಉದ್ಯಮವು ಮುಂದೆ ಕುಂದಾಪುರದ ಹೊಳೆದಂಡೆಗಳಲ್ಲಿಯೂ ಬೇರೂರಿತು. ಆವೆಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ ಭಟ್ಟಿಯಲ್ಲಿ ಸುಡುವಷ್ಟರಲ್ಲಿ ಹಂಚು ಕುಗ್ಗುತ್ತದೆ. ಒಂದು ಗದ್ದೆಯ ಮಣ್ಣು ಕುಗ್ಗಿದಂತೆ ಇನ್ನೊಂದರದು ಕುಗ್ಗದು. ಆದುದರಿಂದ ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಹಂಚು ತುಸು ಸೊಟ್ಟಗಾದರೂ ಒಂದರ ಕಿವಿ ಇನ್ನೊಂದರ ತೋಡಿನಲ್ಲಿ ಕೂಡದು. ಕೂಡದಿದ್ದರೆ ನಮ್ಮ ಮಳೆಗೆ ಮನೆಯೊಳಗೆ ಪಾತ್ರೆ ಇಡಬೇಕಾದೀತು! ಇದನ್ನೆಲ್ಲ ಭಟ್ಟಿಯ ಮೇಸ್ತ್ರಿ ಬೆಂಕಿಯ ಬಣ್ಣ ನೋಡಿ, ಹಂಚನ್ನು ಬೆರಳಿನಿಂದ ತಟ್ಟಿ ನಾದ ಕೇಳಿ ನಿರ್ಧರಿಸುತ್ತಿದ್ದನು. ಅವನಿಗೆ ಪದವಿ ಇರಲಿಲ್ಲ, ಕೆಲಸವು ಎಂಜಿನಿಯರನದೇ.

ಪದವಿಗೆ ಈಗ ಕೊರತೆಯಿಲ್ಲ. ಮಣಿಪಾಲದ ಕಾಲೇಜು 1957ರಲ್ಲಿ, ಸುರತ್ಕಲ್ಲಿನದು 1960ರಲ್ಲಿ, ನಮ್ಮ ಮೂಡ್ಲಕಟ್ಟೆಯದು 2004ರಲ್ಲಿ ಹುಟ್ಟಿದವು. ಅತ್ತ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ. ಸ್ಥಾಪಿತವಾಗಿ ಯಂತ್ರ ಬಲ್ಲವನಿಗೆ ಅನ್ನದ ದಾರಿ ತೆರೆಯಿತು. ಹೊಸಬನಿಗೆ ಮೊದಲ ವರುಷ ತರಬೇತಿ. ಬಳಿಕ ಒಂದು ವಿಭಾಗದ ಹೊಣೆ. ಬಲ್ಲವನಾದರೆ ಹತ್ತು ಹದಿನೈದು ವರುಷಗಳಲ್ಲಿ ಕಾರ್ಖಾನೆಯ ಆಡಳಿತ. ಆ ಮೊದಲ ವರುಷದಲ್ಲಿಯೇ ಬಹುಮಂದಿ ಸೋಲುತ್ತಾರೆ. ಪಾಳಿಯ ದುಡಿಮೆ, ಎಣ್ಣೆ ಮೆತ್ತಿದ ಅಂಗಿ, ತನಗಿಂತ ಹೆಚ್ಚು ಬಲ್ಲ ಐ.ಟಿ.ಐ. ಕೆಲಸಗಾರನ ಮುಂದೆ ಕಲಿಯುವವನಾಗಿ ನಿಲ್ಲುವುದು—ಇವು ಅವರಿಗೆ ಹಿಡಿಸವು. ಮೇಜಿನ ಮುಂದಿನ ಗಣಕಯಂತ್ರದ ಕೆಲಸಕ್ಕೆ ಸಂಬಳವೂ ಹೆಚ್ಚು, ಮದುವೆಯ ಮಾತುಕತೆಯಲ್ಲಿ ಮಾನವೂ ಹೆಚ್ಚು. ಹುಡುಗರನ್ನು ಮಾತ್ರ ದೂಷಿಸಿ ಫಲವೇನು? ತಂದೆತಾಯಿಗಳೇ ಹಾಗೆ ಬೆಳೆಸಿದ್ದಾರೆ.

ಇತ್ತ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕಾಂಕ್ರೀಟಿನ ತಾರಸಿ ಬಂದಿತು, ಸೌದೆ ತುಟ್ಟಿಯಾಯಿತು, ಮಣ್ಣು ದುರ್ಲಭವಾಯಿತು. ಎಂಜಿನಿಯರನೊಬ್ಬನಿದ್ದರೆ ಎಲ್ಲವೂ ಉಳಿಯುತ್ತಿತ್ತೆಂಬ ಭ್ರಮೆ ನಮಗಿಲ್ಲ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳೆಲ್ಲ ಇದ್ದೂ ಅದು ಕಬ್ಬಿನ ಅಭಾವದಿಂದಲೂ ನಷ್ಟದಿಂದಲೂ ನಿಂತುಹೋಯಿತು. ಆದರೂ ಕಡಮೆ ಸೌದೆಯಲ್ಲಿ ಸುಡುವ ಭಟ್ಟಿ, ಒಡೆಯುವ ಹಂಚಿನ ಲೆಕ್ಕ, ಮಣ್ಣಿನ ಮಿಶ್ರಣ—ಇವುಗಳ ವಿಚಾರವಾಗಿ ಮೇಸ್ತ್ರಿಯೂ ಪದವೀಧರನೂ ಒಂದು ದಿನವಾದರೂ ಎದುರುಬದುರು ಕುಳಿತು ಮಾತನಾಡಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳನ್ನು ನಾಲ್ಕು ವಾರ ಅವರ ಬಳಿಗೆ ಕಳುಹಿಸಿ, ಕಂಡುದನ್ನು ಅಳತೆಸಹಿತವಾಗಿ ಬರೆಯಿಸಬೇಕೆಂದು ಕಾಲೇಜುಗಳ ಅಧಿಕಾರಿಗಳಲ್ಲಿ ನಮ್ಮ ಬಿನ್ನಹ. ಮಳೆಗಾಲ ಹಿಡಿದರೆ ಹಂಚು ಒಣಗದು. ಕಳುಹಿಸುವುದಾದರೆ ಚೈತ್ರ ವೈಶಾಖಗಳಲ್ಲಿಯೇ ಕಳುಹಿಸಬೇಕು.