ಡಿಎನ್‌ಎಗೆ ಬಾಲ ಬಂದರೆ ಎಚ್ಚರ!

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಜನ ನಂಬುವ ವೃಷಭಾವತಿ, ಬೈರಮಂಗಲ ಕೆರೆ ಸೇರುವಷ್ಟರಲ್ಲಿ ಕೊಳಚೆ ಜೊತೆ ಕಾರ್ಖಾನೆಗಳ ಲೋಹವನ್ನೂ ಹೊತ್ತಿರುತ್ತಾಳೆ.

ಇಂಥ ಲೋಹ ಡಿಎನ್‌ಎ ಕೆಡಿಸುತ್ತಾ? ಕಾಮೆಟ್ ಟೆಸ್ಟ್ ಹೇಳುತ್ತೆ.

ಲ್ಯಾಬಿನಲ್ಲಿ, ಕ್ರೋಮ್ ಪ್ಲೇಟಿಂಗ್‌ಗೆ ಬಳಸುವ ಕ್ರೋಮಿಯಂ-6 ಬೆರೆಸಿದ ನೀರಲ್ಲಿ ಮೀನು ಬಿಡ್ತಾರೆ. ಆಮೇಲೆ ಒಂದು ಹನಿ ರಕ್ತ ಸಾಕು. ನಮ್ಮ ಹಾಗಲ್ಲ, ಮೀನಿನ ಕೆಂಪು ರಕ್ತಕಣದಲ್ಲೂ ಡಿಎನ್‌ಎ ಇರುತ್ತೆ.

ಕಣಗಳನ್ನು ಸ್ಲೈಡಿನ ಮೇಲೆ ಜೆಲ್‌ನಲ್ಲಿ ಕೂರಿಸಿ, ಪೊರೆ ಕರಗಿಸಿ, ಕರೆಂಟ್ ಹಾಯಿಸ್ತಾರೆ. ಗಟ್ಟಿ ಡಿಎನ್‌ಎ ದುಂಡಗೆ ಉಳಿಯುತ್ತೆ. ತುಂಡಾದದ್ದು ಪಾಸಿಟಿವ್ ಕಡೆ ಓಡಿ, ಧೂಮಕೇತುವಿನ (ಕಾಮೆಟ್) ಹಾಗೆ ಬಾಲ ಬಿಡುತ್ತೆ. ಬಾಲದಲ್ಲಿ ಡಿಎನ್‌ಎ ಜಾಸ್ತಿ ಇದ್ದಷ್ಟೂ ಏಟು ಜಾಸ್ತಿ.

ಆದರೆ ಕೆರೆಯ ಮೀನಿನಲ್ಲಿ ಬಾಲ ಕಂಡರೆ, ಅದು ಯಾವ ಲೋಹದ ಕೆಲಸ ಅಂತ ಈ ಟೆಸ್ಟ್ ಹೇಳಲ್ಲ. ಅದಕ್ಕೆ ನೀರನ್ನೂ ಪರೀಕ್ಷಿಸಲೇಬೇಕು.