ಲೆನ್ಸಿಗಿಂತ ಮೊದಲು ನೀರು, ಗಾಜು, ಬೆಳಕು

ಮ್ಯಾಕ್ರೊ ಛಾಯಾಗ್ರಹಣ ಕಲಿಯಹೊರಟವರು ಮೊದಲು ವಿಚಾರಿಸುವುದು ಲೆನ್ಸಿನ ಬೆಲೆಯನ್ನು. ಮನೆಯ ಅಕ್ವೇರಿಯಂನಲ್ಲಿರುವ ಹವಳ, ಮೀನುಗಳ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇಲ್ಲಿ ಚಿತ್ರ ಕೆಡುವುದು ಬಹುಮಟ್ಟಿಗೆ ನೀರು, ಗಾಜು, ಬೆಳಕುಗಳಿಂದ. ಈ ಮೂರೂ ನಮ್ಮ ಹಿಡಿತದಲ್ಲಿರುವ ಕಾರಣಕ್ಕೇ ಮನೆಯ ತೊಟ್ಟಿ ಮ್ಯಾಕ್ರೊ ಕಲಿಕೆಗೆ ಅತ್ಯುತ್ತಮ ಪಾಠಶಾಲೆ ಎಂಬುದು ನನ್ನ ವಾದ. ಕಡಲಿಗಿಳಿದ ಛಾಯಾಗ್ರಾಹಕನಿಗೆ ಸಿಲಿಂಡರಿನಲ್ಲಿ ಉಳಿದ ಗಾಳಿಯೇ ಗಡುವು. ತೊಟ್ಟಿಯ ಮುಂದೆ ಕೂತವರಿಗಾದರೋ ಇವತ್ತು ಕೈತಪ್ಪಿದ ಅದೇ ಪಾಲಿಪ್ (ಹವಳದ ಪುಟ್ಟ ಬಿಡಿಜೀವಿ) ನಾಳೆ ಅದೇ ಬೆಳಕಿನಲ್ಲಿ ಮತ್ತೆ ಸಿಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರಿನ ಮೇಲೆ ವಸ್ತುವನ್ನು ಅದರ ನಿಜಗಾತ್ರದಲ್ಲೇ ಮೂಡಿಸಿದಾಗ, ಎಫ್ 8ರಲ್ಲಿ ಫೋಕಸ್ ನಿಲ್ಲುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಪಂಪಿನ ಹರಿವಿಗೆ ತೊನೆಯುವ ಪಾಲಿಪ್ ಕ್ಷಣಾರ್ಧದಲ್ಲಿ ಅದನ್ನು ದಾಟಿಬಿಡುತ್ತದೆ. ಅಪರ್ಚರನ್ನು ಕಿರಿದು ಮಾಡಿದರಾಯಿತಲ್ಲ ಎನ್ನಬಹುದು. ಆದರೆ ಅಷ್ಟು ಹತ್ತಿರದಲ್ಲಿ ಎಫ್ 11 ಕೂಡ ಹೆಚ್ಚುಕಡಿಮೆ ಎಫ್ 22ರಂತೆ ವರ್ತಿಸುತ್ತದೆ. ಬೆಳಕೂ ಸಾಲದು, ಸೂಕ್ಷ್ಮ ವಿವರಗಳೂ ಮಂಕಾಗುತ್ತವೆ. ಹತ್ತು ನಿಮಿಷ ಪಂಪ್ ಆರಿಸುವುದು ಇದಕ್ಕಿಂತ ಫಲಕಾರಿ, ಖರ್ಚೂ ಇಲ್ಲ. (ಮತ್ತೆ ಚಾಲು ಮಾಡಲು ಮರೆಯಬಾರದು, ಆ ಹರಿವೇ ತೊಟ್ಟಿಯ ಜೀವಿಗಳ ಉಸಿರು.) ಗಾಜಿನದೂ ಇದೇ ಕಥೆ. ಲೆನ್ಸ್ ಗಾಜಿಗೆ ನೆಟ್ಟಗಿರಬೇಕು. ಓರೆಯಾದರೆ ಬೆಳಕು ನೀರಿನಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವಾಗ ಒಂದೊಂದು ಬಣ್ಣ ಒಂದೊಂದು ಪ್ರಮಾಣದಲ್ಲಿ ಬಾಗಿ, ಅಂಚುಗಳಲ್ಲಿ ಬಣ್ಣದ ಗೆರೆ ಮೂಡುತ್ತದೆ. ಎಷ್ಟೇ ದುಬಾರಿ ಲೆನ್ಸ್ ತಂದರೂ ಆ ಗೆರೆ ಹೋಗದು.

ಬಹಳ ಹೊತ್ತು ಯೋಚಿಸಬೇಕಾದ್ದು ಬಣ್ಣದ ಬಗ್ಗೆ. ಹವಳದ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸುಮಾರು 450 ನ್ಯಾನೊಮೀಟರಿನ ನೀಲಿ ಎಲ್‌ಇಡಿ ಬೆಳಗುತ್ತಿರುತ್ತದೆ. ಅನೇಕ ಹವಳಗಳ ಮೈಯಲ್ಲಿರುವ ಪ್ರೋಟೀನುಗಳು ಆ ನೀಲಿಯನ್ನು ಹೀರಿ ಹಸಿರನ್ನೋ ಕೆಂಪನ್ನೋ ಹೊರಸೂಸುತ್ತವೆ. ಕ್ಯಾಮೆರಾಕ್ಕೆ ಮಾತ್ರ ಎಲ್ಲವೂ ನೀಲಿಯ ಪ್ರವಾಹ. ಹಳದಿ ಫಿಲ್ಟರ್ ಹಾಕಿದರೆ ಅದು ನೀಲಿಯನ್ನು ತಡೆದು ಹೊಳಪನ್ನಷ್ಟೇ ಉಳಿಸುತ್ತದೆ. ಬಿಳಿ ದೀಪ ಹಾಕಿದರೆ ಅದೇ ಹವಳ ಕಂದು ಬಣ್ಣಕ್ಕೆ ತಿರುಗಬಹುದು. ಕಣ್ಣಿಗೆ ಚೆಂದ ಕಂಡರೆ ಸಾಕಲ್ಲ, ಇಷ್ಟು ತಲೆಬಿಸಿ ಯಾಕೆ ಎಂದು ಕೇಳುವವರಿದ್ದಾರೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಆ ಮಾತು ಒಪ್ಪುತ್ತದೆ. ಆದರೆ ತನ್ನೊಳಗೆ ಬದುಕುವ ಪಾಚಿಗಳನ್ನು ಕಳೆದುಕೊಳ್ಳುವ ಹವಳ ಮೊದಲು ತೋರುವ ಲಕ್ಷಣ ಬಿಳಿಚಿಕೊಳ್ಳುವುದು. ಕ್ಯಾಮೆರಾ ಪ್ರತಿಸಲ ತನಗೆ ತೋಚಿದಂತೆ ವೈಟ್ ಬ್ಯಾಲೆನ್ಸ್ ಬದಲಿಸಿದರೆ ಹೋದ ತಿಂಗಳ ಚಿತ್ರಕ್ಕೂ ಇಂದಿನದಕ್ಕೂ ಹೋಲಿಕೆಯೇ ಸಾಧ್ಯವಿಲ್ಲ. ದೀಪವೂ ಎಕ್ಸ್‌ಪೋಷರೂ ವೈಟ್ ಬ್ಯಾಲೆನ್ಸೂ ಒಂದೇ ಆಗಿದ್ದರೆ ಅದೇ ಚಿತ್ರ ಹವಳದ ಆರೋಗ್ಯದ ದಾಖಲೆ.

ಸಾಕಿದ ಜೀವಿಯ ಚಿತ್ರ ಪ್ರಕೃತಿ ಛಾಯಾಗ್ರಹಣವೇ ಅಲ್ಲ ಎಂಬ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ತೊಟ್ಟಿಯದನ್ನು ಕಡಲಿನದೆಂದು ತೋರಿಸುವುದು ಸುಳ್ಳೇ. ಆದರೆ ತೊಟ್ಟಿಯಲ್ಲಿ ತಿಳಿಯಬೇಕಾದ್ದೇನೂ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ಮಿಖಾಯಿಲ್ ಮ್ಯಾಟ್ಸ್, ಸೆರ್ಗೈ ಲುಕ್ಯಾನೊವ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಕೆಂಪು ಹೊಳಪಿನ ಪ್ರೋಟೀನು ಸಿಕ್ಕಿದ್ದು ಡಿಸ್ಕೊಸೋಮ ಎಂಬ, ಅಕ್ವೇರಿಯಂಗಳಲ್ಲಿ ಸಾಕುವ ಹವಳದ ಬಂಧುವಿನಲ್ಲಿ. ಜೀವಕೋಶಗಳನ್ನು ಗುರುತಿಸಲು ಪ್ರಯೋಗಾಲಯಗಳು ಇಂದಿಗೂ ಅದನ್ನು ಬಳಸುತ್ತವೆ. ಅಷ್ಟು ದೂರವೂ ಹೋಗಬೇಕಿಲ್ಲ. ಕ್ಲೌನ್ ಮೀನು ಕಲ್ಲಿಗಂಟಿಸಿದ ಮೊಟ್ಟೆಗಳ ಚಿತ್ರವನ್ನು ದಿನವೂ ತೆಗೆದರೆ, ಕಿತ್ತಳೆ ಬಣ್ಣ ಕಪ್ಪಾಗುತ್ತಾ ಬಂದು, ಕಡೆಗೆ ಪ್ರತಿ ಮೊಟ್ಟೆಯೊಳಗೂ ಬೆಳ್ಳಿಯಂಥ ಎರಡು ಕಣ್ಣು ಮೂಡುವುದು ಕಾಣುತ್ತದೆ. ಗಂಡು ಮೀನು ರೆಕ್ಕೆಯಿಂದ ಗಾಳಿ ಹಾಕಿದಂತೆ ನೀರು ಬೀಸುತ್ತಾ ಕಾವಲಿರುತ್ತದೆ. ದಿನದಿನದ ಈ ಬದಲಾವಣೆಯನ್ನು ಕಡಲಿನಲ್ಲಿ ಹಿಂಬಾಲಿಸುವುದು ಬಹಳ ಕಷ್ಟ.

ಇದಕ್ಕಿಂತ ಗಂಭೀರವಾದ ಆಕ್ಷೇಪ, ಈ ಹವ್ಯಾಸ ಹವಳದ ದಂಡೆಗಳನ್ನೇ ಬರಿದು ಮಾಡುತ್ತದೆ ಎಂಬುದು. ಇದಕ್ಕೆ ರಿಯಾಯಿತಿ ಕೊಡುವಂತಿಲ್ಲ. ದಂಡೆ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳಕ್ಕೂ ಅದೇ ರಕ್ಷಣೆ. ಮೀನಿನ ವಿಷಯದಲ್ಲಿ ದಾರಿ ಇದೆ: ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಸಿದ್ಧಪಡಿಸಿದೆ. ಎಲ್ಲಿಂದ ಬಂದದ್ದೆಂದು ಅಂಗಡಿಯವರು ಹೇಳಲಾರದ ಜೀವಿಯನ್ನು ಕೊಳ್ಳದಿರುವುದೇ ಸರಿ. ಫೋಕಸ್, ಗಾಜು, ಹರಿವುಗಳ ಪಾಠಕ್ಕೆ ಸಿಹಿನೀರಿನ ಗಪ್ಪಿಯೂ ಪುಟ್ಟ ಸೀಗಡಿಯೂ ಧಾರಾಳ ಸಾಕು. ಮೀನುಗಳಿಗೆ ರೆಪ್ಪೆಯಿಲ್ಲ, ಹಾಗಾಗಿ ಕತ್ತಲಲ್ಲಿ ಫ್ಲ್ಯಾಶ್ ಹಾರಿಸದೆ, ತೊಟ್ಟಿಯ ದೀಪ ಉರಿಯುತ್ತಿರುವಾಗಲೇ ಮೇಲಿನಿಂದ ಬೀಳಿಸುವುದು ಒಳ್ಳೆಯದು. ಗಾಜಿನಲ್ಲಿ ಅದರ ಪ್ರತಿಫಲನವೂ ಕಾಣದು.