ಗುರುವಿಲ್ಲದ ಭಾನುವಾರಗಳು: ಉತ್ತರ ಮಿಶಿಗನ್ನಿನ ಗ್ರಾಮೀಣ ಎಪಿಸ್ಕೋಪಲ್ ಸಭೆಗಳ ವಾರದ ಬದುಕು

ಅಮೆರಿಕ ಸಂಯುಕ್ತ ಸಂಸ್ಥಾನದ ಎಪಿಸ್ಕೋಪಲ್ ಚರ್ಚು ಆಂಗ್ಲಿಕನ್ ಪರಂಪರೆಗೆ ಸೇರಿದ್ದು, 1789ರಲ್ಲಿ ತನ್ನದೇ ಸಂವಿಧಾನವನ್ನು ರೂಪಿಸಿಕೊಂಡಿತು. ನಗರಗಳ ಭವ್ಯ ದೇವಾಲಯಗಳಿಂದಾಗಿ ಅದಕ್ಕೆ ಸಿರಿವಂತರ ಚರ್ಚು ಎಂಬ ಹೆಸರು ಅಂಟಿಕೊಂಡಿದೆ. ವಸ್ತುಸ್ಥಿತಿ ಬೇರೆಯೇ ಆಗಿದೆ. 2019ರ ವೇಳೆಗೆ ಅದರ ಸಭೆಗಳಲ್ಲಿ ಅರ್ಧದಷ್ಟರ ಭಾನುವಾರದ ಹಾಜರಿ ಸುಮಾರು 50ನ್ನು ಮೀರುತ್ತಿರಲಿಲ್ಲ. ಹಳ್ಳಿಗಾಡಿನಲ್ಲಿ ಹತ್ತು ಹದಿನೈದು ಮಂದಿಯ ಸಭೆಗಳೂ ಇವೆ. ಇಂತಹ ಸಭೆಯೊಂದು ಪೂರ್ಣಾವಧಿಯ ಗುರುವಿಗೆ ಸಂಬಳ ಕೊಡಲಾರದು. ಆದ್ದರಿಂದ ಒಬ್ಬ ಗುರು ಮೂರು ನಾಲ್ಕು ಸಭೆಗಳನ್ನು ನೋಡಿಕೊಳ್ಳುವ ಕ್ರಮ ಬೆಳೆದುಬಂದಿತು. ಒಬ್ಬ ಸಭಾಪಾಲಕರ ಕೈಕೆಳಗೆ ಹಲವು ಗ್ರಾಮಸಭೆಗಳಿರುವುದು, ಉಳಿದ ಭಾನುವಾರಗಳಲ್ಲಿ ಉಪದೇಶಿಗಳು ಆರಾಧನೆ ನಡೆಸುವುದು ಕರ್ನಾಟಕದಲ್ಲಿ ದಕ್ಷಿಣ ಭಾರತ ಸಭೆಯ ಪರಿಚಯವುಳ್ಳವರಿಗೆ ಹೊಸತೇನಲ್ಲ.

ಈ ಸ್ಥಿತಿಯ ಅತ್ಯಂತ ಸ್ಪಷ್ಟ ರೂಪವನ್ನು ಮಿಶಿಗನ್ ರಾಜ್ಯದ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾದಲ್ಲಿ ಕಾಣಬಹುದು. ಸುಪೀರಿಯರ್, ಮಿಶಿಗನ್, ಹ್ಯೂರಾನ್ ಸರೋವರಗಳು ಸುತ್ತುವರಿದ ಈ ಪರ್ಯಾಯದ್ವೀಪದಲ್ಲಿ 1840ರ ದಶಕದಲ್ಲಿ ತಾಮ್ರ ಹಾಗೂ ಕಬ್ಬಿಣದ ಅದಿರಿನ ಗಣಿಗಾರಿಕೆ ಮೊದಲಾಯಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದಲೂ ಅನಂತರ ಫಿನ್ಲೆಂಡಿನಿಂದಲೂ ಗಣಿ ಕಾರ್ಮಿಕರು ಬಂದು ನೆಲೆಸಿದರು. ಇಶ್ಪೆಮಿಂಗ್, ಹೌಟನ್, ಐರನ್ ಮೌಂಟನ್ ಮೊದಲಾದ ಊರುಗಳು ಬೆಳೆದವು. ಇಪ್ಪತ್ತನೆಯ ಶತಮಾನದಲ್ಲಿ ಗಣಿಗಳು ಒಂದೊಂದಾಗಿ ಮುಚ್ಚಿದಾಗ ಜನ ಹೊರಟುಹೋದರು, ದೇವಾಲಯಗಳು ಉಳಿದುಕೊಂಡವು. ಇಲ್ಲಿನ ದೂರಗಳು ದೊಡ್ಡವು. ವಿಸ್ಕಾನ್ಸಿನ್ ಗಡಿಗೆ ಹೊಂದಿದ ನಾಲ್ಕು ಕೌಂಟಿಗಳ ಗಡಿಯಾರ ಉಳಿದ ಭಾಗಕ್ಕಿಂತ ಒಂದು ಗಂಟೆ ಹಿಂದಿರುವುದರಿಂದ, ಒಂದೇ ಧರ್ಮಪ್ರಾಂತ್ಯದಲ್ಲಿ ಹತ್ತು ಗಂಟೆಯ ಆರಾಧನೆ ಎರಡು ಬಾರಿ ಬರುತ್ತದೆ! ಎರಡೂ ಕಡೆ ಕಾರಿನಲ್ಲಿ ಓಡಾಡಬೇಕಾದ ಗುರುವಿಗೆ ಇದು ಒಮ್ಮೊಮ್ಮೆ ಅನುಕೂಲವೂ ಹೌದು.

ಸಮಸ್ಯೆಯ ಮೂಲ ಹಣದ ಕೊರತೆ ಮಾತ್ರವಲ್ಲ. ಅದು ಆರಾಧನಾ ವಿಧಿಯಲ್ಲಿಯೂ ಇದೆ. 1979ಕ್ಕೆ ಮೊದಲು ಎಷ್ಟೋ ಸಭೆಗಳಲ್ಲಿ ಭಾನುವಾರದ ಮುಖ್ಯ ಆರಾಧನೆ ಪ್ರಭಾತ ಪ್ರಾರ್ಥನೆಯಾಗಿತ್ತು. ಅದನ್ನು ನಡೆಸಲು ಗುರುದೀಕ್ಷೆ ಬೇಕಿಲ್ಲ. ಊರಿನ ಶಾಲೆಯ ಉಪಾಧ್ಯಾಯರೋ ಅಂಗಡಿಯವರೋ ನಡೆಸಬಹುದಿತ್ತು. 1979ರ ಸಾಮಾನ್ಯ ಪ್ರಾರ್ಥನಾ ಪುಸ್ತಕವು ಪ್ರಭುಭೋಜನವನ್ನೇ ಭಾನುವಾರದ ಪ್ರಧಾನ ಆರಾಧನೆಯೆಂದು ಸಾರಿತು. ರೊಟ್ಟಿ ದ್ರಾಕ್ಷಾರಸಗಳನ್ನು ಪ್ರತಿಷ್ಠಿಸುವ ಅಧಿಕಾರವಾದರೋ ಬಿಷಪ್ ಮತ್ತು ಗುರುವಿಗೆ ಮಾತ್ರ ಉಂಟು. ಗುರುವಿಲ್ಲದಾಗ ಮೊದಲೇ ಪ್ರತಿಷ್ಠಿಸಿಟ್ಟ ಪ್ರಸಾದವನ್ನು ಬಿಷಪ್ಪರ ಅನುಮತಿಯಿಂದ ಡೀಕನ್ ಹಂಚಬಹುದು, ಅಷ್ಟೆ. ಇದರಿಂದ ಒಂದು ವಿಪರ್ಯಾಸ ಹುಟ್ಟಿತು. ಆರಾಧನೆಯನ್ನು ಸಮಗ್ರ ಸಭೆಯ ಕಾರ್ಯವನ್ನಾಗಿಸಲು ಹೊರಟ ಸುಧಾರಣೆಯೇ ಸಣ್ಣ ಸಭೆಯನ್ನು ಹೊರಗಿನ ಒಬ್ಬ ವ್ಯಕ್ತಿಯ ಬರವಿಗೆ ಕಾಯುವಂತೆ ಮಾಡಿತು.

ವಸಂತದ ಕೊನೆಯ ವಾರಗಳಲ್ಲಿ ಈ ಕಾಯುವಿಕೆ ಎದ್ದು ಕಾಣುತ್ತದೆ. ಈಸ್ಟರಿನಿಂದ ಪಂಚಾಶತ್ತಮದವರೆಗಿನ 50 ದಿನಗಳು ಪಂಚಾಂಗದಲ್ಲಿ ಒಂದೇ ಹಬ್ಬವೆನಿಸಿವೆ. ಆರನೆಯ ಭಾನುವಾರದ ಅನಂತರದ ಸೋಮವಾರ, ಮಂಗಳವಾರ, ಬುಧವಾರಗಳು ಬೆಳೆಗಾಗಿ ಬೇಡಿಕೊಳ್ಳುವ ರೊಗೇಶನ್ ದಿನಗಳು. ಮರುದಿನ ಗುರುವಾರ ಸ್ವರ್ಗಾರೋಹಣ. ಪ್ರಾರ್ಥನಾ ಪುಸ್ತಕವು ರೊಗೇಶನ್ ದಿನಗಳಿಗೆ ಫಸಲಿನ ಪ್ರಾರ್ಥನೆಯನ್ನಲ್ಲದೆ ವಾಣಿಜ್ಯ ಮತ್ತು ಕೈಗಾರಿಕೆಗಾಗಿ ಒಂದು, ಸೃಷ್ಟಿಯ ಪಾಲನೆಗಾಗಿ ಇನ್ನೊಂದು ಪ್ರಾರ್ಥನೆಯನ್ನು ಕೊಟ್ಟಿದೆ. ಹೊಲಕ್ಕಿಂತ ಗಣಿಯೇ ಹೆಚ್ಚಾಗಿದ್ದ ಈ ನಾಡಿಗೆ ಎರಡನೆಯದು ಹೆಚ್ಚು ಹೊಂದುತ್ತದೆ ಎನ್ನಬಹುದು. ಪಂಚಾಶತ್ತಮ ದಿನ ದೀಕ್ಷಾಸ್ನಾನಕ್ಕೆ ವಿಶೇಷವಾಗಿ ಹೇಳಿರುವ ದಿನಗಳಲ್ಲೊಂದು. ಅಂದು ವೇದಿಕೆಗೆ ಕೆಂಪು ವಸ್ತ್ರ, ಮುಂದಿನ ತ್ರಿತ್ವ ಭಾನುವಾರಕ್ಕೆ ಬಿಳಿ, ಆಮೇಲೆ ತಿಂಗಳುಗಟ್ಟಲೆ ಹಸಿರು. ಈ ವಸ್ತ್ರಗಳನ್ನು ಒಗೆದು, ಇಸ್ತ್ರಿ ಮಾಡಿ, ಶನಿವಾರ ಬದಲಿಸಿಡುವ ಕೆಲಸ ರೂಢಿಯಲ್ಲಿ ಇಬ್ಬರು ಮೂವರು ವೃದ್ಧ ಮಹಿಳೆಯರದು. ಗುರು ಬರಲಿ ಬಿಡಲಿ, ಅದು ತಪ್ಪುವುದಿಲ್ಲ.

ಇದೇ ಋತುವಿನಲ್ಲಿ ಇನ್ನೊಂದು ಕರ್ತವ್ಯವೂ ಸೇರಿಕೊಳ್ಳುತ್ತದೆ. ಹಿಮಗಟ್ಟಿದ ನೆಲವನ್ನು ಅಗೆಯಲಾಗದ ಕಾರಣ, ಚಳಿಗಾಲದಲ್ಲಿ ತೀರಿಕೊಂಡವರ ಶವಗಳನ್ನು ಸ್ಮಶಾನದ ಕಟ್ಟಡದಲ್ಲಿ ಇರಿಸಿ, ನೆಲ ಕರಗಿದ ಮೇಲೆ ಹೂಳುವ ರೂಢಿ ಈ ಪ್ರದೇಶದಲ್ಲಿದೆ. ಜನವರಿಯಲ್ಲಿ ಅತ್ತು ಮುಗಿಸಿದ ಕುಟುಂಬ ಮೇ ತಿಂಗಳಲ್ಲಿ ಮತ್ತೆ ಗೋರಿಯ ಬಳಿ ನಿಲ್ಲಬೇಕಾಗುತ್ತದೆ. ಮೇ ತಿಂಗಳ ಕೊನೆಯ ಸೋಮವಾರ ಮಡಿದ ಯೋಧರ ಸ್ಮರಣದಿನವೂ ಬರುವುದರಿಂದ ಸ್ಮಶಾನಗಳು ವರ್ಷದಲ್ಲಿ ಅತಿ ಹೆಚ್ಚು ಜನರನ್ನು ಕಾಣುವ ಕಾಲ ಇದು. ಉಳಿದಂತೆ ವಾರ ಸದ್ದಿಲ್ಲದೆ ಸಾಗುತ್ತದೆ. ಬರುವ ಭಾನುವಾರದ ಪಾಠಗಳ ಅಧ್ಯಯನ, ಆಡಳಿತ ಸಮಿತಿಯ ಸಭೆ, ಬಡವರಿಗೆ ದಿನಸಿ ಹಂಚಿಕೆ ಇವೇ ಅದರ ಮುಖ್ಯ ಕೆಲಸಗಳು. ಕಾರ್ನ್‌ವಾಲ್‌ನ ಗಣಿಗಾರರು ತಂದ, ಮಾಂಸ ಆಲೂಗಡ್ಡೆ ತುಂಬಿದ ಪಾಸ್ಟಿ ಎಂಬ ಕಡುಬನ್ನು ಮಾಡಿ ಮಾರಿ ಹಣ ಕೂಡಿಸುವುದು ಅಲ್ಲಿನ ಎಲ್ಲ ಪಂಗಡಗಳ ಚರ್ಚುಗಳಲ್ಲೂ ಕಂಡುಬರುತ್ತದೆ.

1982ರಲ್ಲಿ ಉತ್ತರ ಮಿಶಿಗನ್ನಿನ ಬಿಷಪ್ಪರಾದ ಥಾಮಸ್ ರೇ ಅವರ ಕಾಲದಲ್ಲಿ ಈ ಧರ್ಮಪ್ರಾಂತ್ಯವು ಬೇರೊಂದು ದಾರಿ ಹಿಡಿಯಿತು. ಚೀನಾದಲ್ಲಿ ಸೇವೆ ಸಲ್ಲಿಸಿದ್ದ ಇಂಗ್ಲಿಷ್ ಮಿಶನರಿ ರೋಲಂಡ್ ಆಲನ್ (1868–1947), ಸಂಬಳದ ಗುರುವಿಗಾಗಿ ಕಾಯದೆ ಊರಿನ ಹಿರಿಯರಿಗೇ ದೀಕ್ಷೆ ಕೊಡಬೇಕೆಂದು 1912ರಿಂದಲೂ ವಾದಿಸಿದ್ದರು. ಅವರ ಕಾಲದಲ್ಲಿ ಕಡೆಗಣಿಸಲ್ಪಟ್ಟ ಈ ವಿಚಾರವನ್ನು ನೆವಾಡದ ಬಿಷಪ್ ವೆಸ್ಲಿ ಫ್ರೆನ್ಸ್‌ಡಾರ್ಫ್ 1970ರ ದಶಕದಲ್ಲಿ ಮರುಭೂಮಿಯ ಸಣ್ಣ ಊರುಗಳಲ್ಲಿ ಆಚರಣೆಗೆ ತಂದಿದ್ದರು. ಉತ್ತರ ಮಿಶಿಗನ್ ಅದನ್ನು ಇನ್ನಷ್ಟು ವಿಸ್ತರಿಸಿತು. ಸಭೆ ತನ್ನೊಳಗಿನಿಂದಲೇ ಕೆಲವರನ್ನು ಹೆಸರಿಸುತ್ತಿತ್ತು. ಅವರು ಒಟ್ಟಾಗಿ ದೀರ್ಘಕಾಲ ಅಧ್ಯಯನ ಮಾಡುತ್ತಿದ್ದರು. ಬಳಿಕ ಕೆಲವರಿಗೆ ಗುರುದೀಕ್ಷೆ, ಕೆಲವರಿಗೆ ಡೀಕನ್ ದೀಕ್ಷೆ, ಇನ್ನುಳಿದವರಿಗೆ ಬೋಧನೆ, ಶಿಕ್ಷಣ, ಅತಿಥಿಸತ್ಕಾರದ ಹೊಣೆ. ಯಾರಿಗೂ ಸಂಬಳವಿಲ್ಲ. ಸಂಬಳ ಪಡೆಯುವ ಕೆಲವರು ಇಡೀ ವಲಯದಲ್ಲಿ ಸುತ್ತಾಡಿ ಇವರಿಗೆ ತರಬೇತಿ ಕೊಡುತ್ತಿದ್ದರು. ಭಾನುವಾರ ವೇದಿಕೆಯ ಮುಂದೆ ನಿಲ್ಲುವವರು ವಾರವಿಡೀ ಅದೇ ಬೀದಿಯಲ್ಲಿ ದುಡಿಯುವವರಾದರು.

ಈ ವ್ಯವಸ್ಥೆಗೆ ಆಕ್ಷೇಪಗಳೂ ಬಂದವು. ಸೆಮಿನರಿ ಕಲಿತ ಗುರುಗಳು ಮತ್ತು ಊರಿನ ಗುರುಗಳು ಎಂಬ ಎರಡು ದರ್ಜೆ ಉಂಟಾಗುವುದೆಂಬ ಆತಂಕ ನಿರಾಧಾರವಾದುದಲ್ಲ. ನಾಲ್ವರಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಊರು ಬಿಟ್ಟರೆ ಹತ್ತು ಮಂದಿಯ ಸಭೆಯಲ್ಲಿ ಮತ್ತೊಬ್ಬರನ್ನು ಹುಡುಕುವುದು ಸುಲಭವೂ ಅಲ್ಲ. 2001ರಲ್ಲಿ ಜಾರಿಗೆ ಬಂದ ಲೂಥರನ್ ಚರ್ಚಿನೊಂದಿಗಿನ ಪೂರ್ಣ ಸಹಭಾಗಿತ್ವವು, ಪರಸ್ಪರರ ಗುರುಗಳನ್ನು ಬಳಸಿಕೊಳ್ಳಲು ಅವಕಾಶ ನೀಡಿ ಸ್ವಲ್ಪ ನೆರವಾಯಿತು. 2020ರ ಸಾಂಕ್ರಾಮಿಕದ ವಸಂತದಲ್ಲಿ ದೇವಾಲಯಗಳು ಮುಚ್ಚಿದಾಗ ದೇಶದುದ್ದಕ್ಕೂ ಎಷ್ಟೋ ಎಪಿಸ್ಕೋಪಲ್ ಸಭೆಗಳು ಪರದೆಯ ಮೇಲೆ ಮರಳಿ ಪ್ರಭಾತ ಪ್ರಾರ್ಥನೆಗೇ ಮೊರೆಹೊಕ್ಕವು. ಹಳೆಯ ಕ್ರಮ ಪೂರ್ತಿ ಮರೆತುಹೋಗಿರಲಿಲ್ಲ.

ಸ್ಥಳೀಯ ಗುರುಗಳಿದ್ದರೂ ದೃಢೀಕರಣ ಮತ್ತು ದೀಕ್ಷೆಗಳಿಗೆ ಬಿಷಪ್ಪರೇ ಬರಬೇಕು. ಹೀಗಾಗಿ ಗುರುವಿನ ಬವಣೆ ಎನಿಸಿದ್ದ ರಸ್ತೆ ಬಿಷಪ್ಪರ ಪಾಲಿಗೆ ಉಳಿಯಿತು. ರೇ ಅವರ ತರುವಾಯ 1999ರಲ್ಲಿ ಬಿಷಪ್ಪರಾದ ಜೇಮ್ಸ್ ಕೆಲ್ಸಿ, ಅದಕ್ಕೆ ಮೊದಲು ಇದೇ ತರಬೇತಿಯ ಹೊಣೆ ಹೊತ್ತಿದ್ದವರು. 2007ರ ಜೂನ್ 3, ತ್ರಿತ್ವ ಭಾನುವಾರದಂದು ಸಭೆಯೊಂದನ್ನು ಸಂದರ್ಶಿಸಿ ಮಾರ್ಕೆಟ್ ಪಟ್ಟಣಕ್ಕೆ ಹಿಂದಿರುಗುವಾಗ ರಸ್ತೆ ಅಪಘಾತದಲ್ಲಿ ಅವರು ಮರಣಹೊಂದಿದರು. ಮುಂದಿನ ಬಿಷಪ್ಪರ ಅಭಿಷೇಕವಾದುದು 2011ರ ಮೇ ತಿಂಗಳಲ್ಲಿ. ನಡುವಿನ ವರ್ಷಗಳಲ್ಲಿ ಧರ್ಮಪ್ರಾಂತ್ಯಕ್ಕೆ ತನ್ನದೇ ಬಿಷಪ್ಪರಿರಲಿಲ್ಲ; ಭಾನುವಾರದ ಪ್ರಭುಭೋಜನವನ್ನು ಮಾತ್ರ ಊರಿನ ಗುರುಗಳು ನಡೆಸುತ್ತ ಬಂದರು.